ಗುಂಡು ಕೂರದಿದ್ದರೆ ಲಿವರ್ ಜೋರಾಗಿ ಒತ್ತಬೇಡಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ನಿಮ್ಮ ಪುರವಣಿಯಲ್ಲಿ ಅಮೆರಿಕದವರ ಹವ್ಯಾಸಗಳ ಬಗ್ಗೆ ಬಂದ ಲೇಖನ ಓದಿದೆ. ಮನೆಯ ಗ್ಯಾರೇಜಿನಲ್ಲೇ ರೈಫಲ್ ಕಾಡತೂಸು ತುಂಬಿಕೊಳ್ಳುವವರ ವಿಷಯ ಅದರಲ್ಲಿ ಜಾಸ್ತಿಯೇ ಇತ್ತು. ಬರೆದವರು ಅದನ್ನು ಕಣ್ಣಾರೆ ನೋಡಿದ್ದಾರೆ ಅನ್ನುವುದು ಓದಿದರೆ ಗೊತ್ತಾಗುತ್ತದೆ. ಆದರೆ ಒಂದು ಮಾತು ಮಾತ್ರ ಪೂರ್ತಿ ತಪ್ಪು. ಗುಂಡು ಕೇಸಿನೊಳಗೆ, ಅಂದರೆ ಕಾಡತೂಸಿನ ಹಿತ್ತಾಳೆ ಕೊಳವೆಯೊಳಗೆ, ಸರಿಯಾಗಿ ಕೂರದಿದ್ದರೆ ಅದನ್ನು ಕೂರಿಸುವ ಪ್ರೆಸ್ಸಿನ ಲಿವರನ್ನು ಇನ್ನಷ್ಟು ಜೋರಾಗಿ ಒತ್ತಿದರೆ ಆಯಿತು ಎಂದು ಬರೆದಿದ್ದಾರೆ. ಅದನ್ನು ಓದಿ ಸುಮ್ಮನಿರಲು ಆಗಲಿಲ್ಲ. ಪತ್ರ ಉದ್ದವಾದರೆ ಕ್ಷಮಿಸಿ. ಎಲ್ಲಿ ಬೇಕಾದರೂ ಕತ್ತರಿಸಿ, ಆದರೆ ಆ ಮಾತನ್ನು ಮಾತ್ರ ತಿದ್ದಿ.

ನಾನು ಹಟ್ಟಿ ಚಿನ್ನದ ಗಣಿಯ ಮೆಷಿನ್ ಶಾಪಿನಲ್ಲಿ ಟರ್ನರ್ ಆಗಿದ್ದು ನಿವೃತ್ತನಾದವನು. ಬಂದೂಕು ನನ್ನ ಕಸುಬಲ್ಲ, ಹವ್ಯಾಸವೂ ಅಲ್ಲ. ಆದರೆ ಒಂದು ಲೋಹದ ತುಂಡನ್ನು ಇನ್ನೊಂದರೊಳಗೆ ಬಿಗಿಯಾಗಿ ಕೂರಿಸುವುದು ನನ್ನ ಇಡೀ ಸರ್ವಿಸಿನ ಕೆಲಸ. ಪಂಪಿನ ಶಾಫ್ಟಿಗೆ ಬೇರಿಂಗ್, ಪುಲ್ಲಿಗೆ ಬುಷ್, ಹೀಗೆ. ಮಗಳು ಅಮೆರಿಕದ ನೆಬ್ರಾಸ್ಕಾ ರಾಜ್ಯದ ಒಮಾಹಾದಲ್ಲಿದ್ದಾಳೆ. ಅವಳ ಪಕ್ಕದ ಮನೆಯಲ್ಲಿ ರೈಲ್ವೆಯಿಂದ ನಿವೃತ್ತರಾದ ಒಬ್ಬ ಅಜ್ಜ ಇದ್ದಾರೆ. ಯೂನಿಯನ್ ಪೆಸಿಫಿಕ್ ರೈಲ್ವೆಯ ಮುಖ್ಯ ಕಚೇರಿ ಆ ಊರಲ್ಲೇ ಇದೆ. ಅವರ ಗ್ಯಾರೇಜಿನ ಬೆಂಚು, ವೈಸ್, ಡ್ರಾಯರಿನಲ್ಲಿ ಸಾಲಾಗಿ ಇಟ್ಟ ಮೈಕ್ರೋಮೀಟರ್‌ಗಳು, ಇವನ್ನು ನೋಡಿದ ಮೇಲೆ ನಾವಿಬ್ಬರೂ ಭಾಷೆ ಇಲ್ಲದೆಯೂ ಮಾತಾಡಿಕೊಂಡೆವು. ನವೆಂಬರಿನ ಜಿಂಕೆ ಬೇಟೆಗೆ ಬೇಕಾದ ಕಾಡತೂಸುಗಳನ್ನು ಅವರು ತಾವೇ ತುಂಬಿಕೊಳ್ಳುತ್ತಾರೆ. ನಾನು ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತು ನೋಡುತ್ತಿದ್ದೆ.

ಮುಂದೆ ಹೋಗುವ ಮೊದಲು ಒಂದು ಮಾತು. ಇದು ಅಲ್ಲಿಯ ಕಥೆ. ನಮ್ಮಲ್ಲಿ 1959ರ ಆಯುಧ ಕಾಯ್ದೆಯ 5ನೇ ಕಲಂ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸುವಂತಿಲ್ಲ. ಹೊಲಕ್ಕೆ ಹಂದಿ ಬರುತ್ತದೆ ಎಂದು ಬಂದೂಕಿನ ಲೈಸೆನ್ಸ್ ಪಡೆದವರು ನಮ್ಮ ಕಡೆ ಇದ್ದಾರೆ. ಚುನಾವಣೆ ಬಂತೆಂದರೆ ಸಾಮಾನ್ಯವಾಗಿ ಅವರು ಬಂದೂಕನ್ನು ಠಾಣೆಗೆ ಒಪ್ಪಿಸಿ ರಸೀದಿ ತರಬೇಕಾಗುತ್ತದೆ. ಬಂದೂಕಿನ ಲೈಸೆನ್ಸ್ ಕೈಯಲ್ಲಿದೆ ಎಂದ ಮಾತ್ರಕ್ಕೆ ಮನೆಯಲ್ಲಿ ಕಾಡತೂಸು ತುಂಬಬಹುದು ಎಂದಲ್ಲ. ನಿಮ್ಮ ಲೇಖನದಲ್ಲಿ ಇದರ ಬಗ್ಗೆ ಒಂದು ಸಾಲೂ ಇರಲಿಲ್ಲ. ಇರಬೇಕಿತ್ತು, ಅಲ್ವಾ? ಈಗಿನ ಹುಡುಗರು ಮೊಬೈಲಿನಲ್ಲಿ ಇಂಥದ್ದನ್ನೆಲ್ಲ ನೋಡುತ್ತಾರೆ.

ಈಗ ಕೆಲಸಕ್ಕೆ ಬರೋಣ. ಒಂದು ರೈಫಲ್ ಕಾಡತೂಸಿನಲ್ಲಿ ಇರುವುದು ನಾಲ್ಕೇ ಸಾಮಾನು. ಹಿತ್ತಾಳೆಯ ಕೇಸು, ಅದರ ತಳದಲ್ಲಿ ಪೆಟ್ಟು ಬಿದ್ದಾಗ ಮದ್ದಿಗೆ ಕಿಡಿ ಕೊಡುವ ಪ್ರೈಮರ್, ಒಳಗೆ ಮದ್ದು, ಬಾಯಲ್ಲಿ ಗುಂಡು. ಒಮ್ಮೆ ಹಾರಿಸಿದ ಮೇಲೆ ಉಳಿಯುವುದು ಖಾಲಿ ಕೇಸು ಮಾತ್ರ. ಹಾರಿಸಿದಾಗ ಅದು ಸ್ವಲ್ಪ ಉಬ್ಬಿರುತ್ತದೆ. ಅದನ್ನು ಡೈ ಅನ್ನುವ ಉಕ್ಕಿನ ಅಚ್ಚಿನ ಒಳಗೆ ಹಾಕಿ ಮತ್ತೆ ಅಳತೆಗೆ ತರುತ್ತಾರೆ. ಹೊಸ ಪ್ರೈಮರ್ ಹಾಕುತ್ತಾರೆ, ಮದ್ದು ತೂಗಿ ಸುರಿಯುತ್ತಾರೆ, ಕೊನೆಗೆ ಇನ್ನೊಂದು ಡೈನಲ್ಲಿ ಗುಂಡು ಕೂರಿಸುತ್ತಾರೆ. ಇದಕ್ಕೆ ಬೇಕಾದ ಪ್ರೆಸ್ಸು, ಡೈಗಳನ್ನು ಮಾಡುವ ಕಂಪನಿಗಳು ಅಲ್ಲಿ ಬಹಳ ಇವೆ. ಲೈಮನ್ 1878ರಷ್ಟು ಹಳೆಯದು. ಹಾರ್ನಡಿ 1949ರದ್ದು, ಅದೂ ನೆಬ್ರಾಸ್ಕಾದ್ದೇ, ಗ್ರ್ಯಾಂಡ್ ಐಲೆಂಡ್ ಅನ್ನುವ ಊರಿನದು. ಅಜ್ಜ ಅದನ್ನು ಹೇಳುವಾಗ ಅವರ ಮುಖದಲ್ಲಿ ಹೆಮ್ಮೆ ಇತ್ತು. ನಾವು ಮುದಗಲ್ ಕೋಟೆ ತೋರಿಸುವಾಗಲೂ ಹಾಗೇ ಅಲ್ವಾ.

ಕೇಸಿನ ಮೇಲ್ಭಾಗಕ್ಕೆ ಕುತ್ತಿಗೆ ಇದೆ, ಅದರ ಕೆಳಗೆ ಇಳಿಜಾರಾದ ಭುಜ ಇದೆ. ಗುಂಡನ್ನು ಹಿಡಿದುಕೊಳ್ಳುವುದು ಆ ಕುತ್ತಿಗೆ. ಬೇರೆ ಗೋಂದಿಲ್ಲ, ಸ್ಕ್ರೂ ಇಲ್ಲ. ಕುತ್ತಿಗೆಯ ಒಳ ಅಳತೆ ಗುಂಡಿಗಿಂತ 1ರಿಂದ 3 ಥೌ ಚಿಕ್ಕದಿರುತ್ತದೆ. ಥೌ ಅಂದರೆ ಇಂಚಿನ ಸಾವಿರದ ಒಂದು ಭಾಗ, 0.025 ಮಿಲಿಮೀಟರ್. ಆ ಬಿಗಿಯೇ ಗುಂಡನ್ನು ಹಿಡಿಯುವ ಶಕ್ತಿ. ಇದು ಶಾಫ್ಟಿಗೆ ಬೇರಿಂಗ್ ಹೊಡೆಯುವ ಲೆಕ್ಕವೇ. ಬೇರಿಂಗ್ ಕೂರದಿದ್ದರೆ ದೊಡ್ಡ ಸುತ್ತಿಗೆ ತರುವವನನ್ನು ನಮ್ಮ ಶಾಪಿನಲ್ಲಿ ಮೇಸ್ತ್ರಿ ಹೊರಗೆ ಕಳಿಸುತ್ತಿದ್ದ. ಮೊದಲು ಶಾಫ್ಟ್ ಅಳೆ, ಬರ್ ಇದೆಯಾ ನೋಡು, ಚಾಂಫರ್ ಇದೆಯಾ ನೋಡು ಅನ್ನುತ್ತಿದ್ದ. ಬರ್ ಅಂದರೆ ಅಂಚಿನಲ್ಲಿ ಉಳಿದ ಸಣ್ಣ ಮುಳ್ಳು, ಚಾಂಫರ್ ಅಂದರೆ ಅಂಚನ್ನು ಇಳಿಜಾರಾಗಿ ಕೆತ್ತಿದ್ದು. ಗುಂಡಿನ ವಿಷಯದಲ್ಲೂ ನಾನು ಹೇಳಬೇಕಾದದ್ದು ಇಷ್ಟೇ. ತೊಂದರೆ ಕಾಣುವುದು ಗುಂಡು ಕೂರಿಸುವಾಗ. ಆದರೆ ಬಹುತೇಕ ಸಲ ಅದು ಹುಟ್ಟಿರುವುದು ಅದಕ್ಕಿಂತ ಹಿಂದಿನ ಕೆಲಸದಲ್ಲಿ. ಅಲ್ಲಿಗೆ ಹೋಗಿ ಹುಡುಕಬೇಕು.

ಅಜ್ಜನ ಗ್ಯಾರೇಜಿನಲ್ಲಿ ನಾನು ನೋಡಿದ ತೊಂದರೆಯನ್ನೇ ಹೇಳುತ್ತೇನೆ. ಅವರದು .308 ವಿಂಚೆಸ್ಟರ್, 1952ರಲ್ಲಿ ಬಂದ ಕಾಡತೂಸು. ಅವರು ತುಂಬಿದವುಗಳಲ್ಲಿ ಕೆಲವು ರೈಫಲ್ ಒಳಗೆ ಸಲೀಸಾಗಿ ಹೋಗುತ್ತಿದ್ದವು, ಕೆಲವು ಹೋಗುತ್ತಲೇ ಇರಲಿಲ್ಲ. ಕಾಡತೂಸಿನ ಹಿಂದೆ ಮುಚ್ಚುವ ಬೋಲ್ಟ್ ಅರ್ಧಕ್ಕೆ ನಿಲ್ಲುತ್ತಿತ್ತು. ಅದನ್ನು ಅವರು ಬಲವಂತವಾಗಿ ಮುಚ್ಚಲಿಲ್ಲ, ಅದು ಅವರ ಒಳ್ಳೆಯ ಗುಣ. ಗುಂಡಿನ ಡಬ್ಬಿಯೇ ಸರಿಯಿಲ್ಲ ಎಂದುಕೊಂಡು ಬೇರೆ ಡಬ್ಬಿ ತಂದರು. ಅದರಲ್ಲೂ ಅದೇ ಕಥೆ. ಎಲ್ಲವೂ ಕೆಟ್ಟಿದ್ದರೆ ಹುಡುಕುವುದು ಸುಲಭ. ಕೆಲವು ಚೆನ್ನಾಗಿ, ಕೆಲವು ಕೆಟ್ಟು ಬಂದರೆ ಸಾಮಾನಿನಲ್ಲೇ ವ್ಯತ್ಯಾಸ ಇದೆ ಎಂದರ್ಥ. ಇದು ಲೇತ್ ಮುಂದೆ ನಿಂತವರಿಗೆಲ್ಲ ಗೊತ್ತು.

ಒಳಗೆ ಹೋಗದ ಒಂದನ್ನು ಬೆಳಕಿಗೆ ಹಿಡಿದು ತಿರುಗಿಸಿದೆವು. ಕುತ್ತಿಗೆ ಮತ್ತು ಭುಜ ಸೇರುವ ಜಾಗದಲ್ಲಿ ಕೂದಲೆಳೆಯಷ್ಟು ಉಬ್ಬು ಇತ್ತು. ಕಣ್ಣಿಗೆ ಕಾಣುವುದಕ್ಕಿಂತ ಬೆರಳಿಗೆ ಚೆನ್ನಾಗಿ ಸಿಗುತ್ತಿತ್ತು. ನಾನು ಕೈ ಸನ್ನೆ ಮಾಡಿ ಕ್ಯಾಲಿಪರ್ ಕೇಳಿದೆ. ಇನ್ನೂ ತುಂಬದ ಖಾಲಿ ಕೇಸುಗಳನ್ನು ಒಂದೊಂದಾಗಿ ಅಳೆದೆವು. ಈ ಕೇಸಿನ ಉದ್ದ 2.015 ಇಂಚು ದಾಟಬಾರದು, ಅಂದರೆ 51.18 ಮಿಲಿಮೀಟರ್. ಕೆಲವು ಅದಕ್ಕಿಂತ ಉದ್ದ ಇದ್ದವು. ಹಿತ್ತಾಳೆ ಪ್ರತಿ ಸಲ ಹಾರಿಸಿ ಮತ್ತೆ ಅಳತೆಗೆ ತಂದಾಗ ಸ್ವಲ್ಪ ಸ್ವಲ್ಪ ಮುಂದಕ್ಕೆ ಹರಿಯುತ್ತದೆ. ಅದಕ್ಕೇ ಆಗಾಗ ಬಾಯಿ ಕತ್ತರಿಸಿ 2.005 ಇಂಚಿಗೆ ತರುತ್ತಾರೆ. ಅಜ್ಜನ ಕೇಸುಗಳಲ್ಲಿ ಹಳೆಯವೂ ಇದ್ದವು, ಹೊಸವೂ ಇದ್ದವು, ಎಲ್ಲ ಒಂದೇ ಡಬ್ಬದಲ್ಲಿ ಬೆರೆತಿದ್ದವು.

ಉದ್ದ ಜಾಸ್ತಿಯಾದರೆ ಭುಜ ಯಾಕೆ ಉಬ್ಬುತ್ತದೆ? ಗುಂಡು ಕೂರಿಸುವ ಡೈ ಒಳಗೆ ಸಾಮಾನ್ಯವಾಗಿ ಎರಡು ಕೆಲಸದ ಜಾಗ ಇರುತ್ತದೆ. ನಡುವೆ ಇರುವ ಕಡ್ಡಿ ಗುಂಡನ್ನು ಕೆಳಗೆ ತಳ್ಳುತ್ತದೆ, ಅದಕ್ಕೆ ಸ್ಟೆಮ್ ಎನ್ನುತ್ತಾರೆ. ಡೈನ ಗೋಡೆಯಲ್ಲಿ ಒಂದು ಸಣ್ಣ ಮೆಟ್ಟಿಲು ಇರುತ್ತದೆ, ಅದು ಕೇಸಿನ ಬಾಯನ್ನು ಒಳಕ್ಕೆ ಮಡಚಿ ಗುಂಡನ್ನು ಕಚ್ಚಿಸುತ್ತದೆ. ಅದು ಕ್ರಿಂಪ್. ಡೈ ಜಾಸ್ತಿ ಕೆಳಗಿದ್ದರೆ, ಅಥವಾ ಕೇಸು ಉದ್ದವಿದ್ದರೆ, ಗುಂಡು ಇನ್ನೂ ಇಳಿಯುತ್ತಿರುವಾಗಲೇ ಬಾಯಿ ಗುಂಡನ್ನು ಕಚ್ಚಿಬಿಡುತ್ತದೆ. ಲಿವರ್ ಮಾತ್ರ ತಳ್ಳುತ್ತಲೇ ಇರುತ್ತದೆ. ಆಗ ಗುಂಡು ಕುತ್ತಿಗೆಯನ್ನೂ ಎಳೆದುಕೊಂಡು ಕೆಳಗೆ ಹೋಗುತ್ತದೆ. ತೆಳ್ಳಗಿನ ಭುಜ ಆ ಒತ್ತಡ ತಡೆಯಲಾರದೆ ಹೊರಗೆ ಉಬ್ಬುತ್ತದೆ. ಲೇಖನದವರು ಹೇಳಿದಂತೆ ಜೋರಾಗಿ ಒತ್ತಿದ್ದರೆ ಭುಜ ಪೂರ್ತಿ ಕುಸಿಯುತ್ತಿತ್ತು.

ಅಜ್ಜ ಡೈ ಪೂರ್ತಿ ಬಿಚ್ಚಿ ಮೊದಲಿಂದ ಹೊಂದಿಸಿದರು. ಮದ್ದು, ಪ್ರೈಮರ್ ಇಲ್ಲದ, ಸರಿಯಾದ ಉದ್ದದ ಖಾಲಿ ಕೇಸನ್ನು ಹೋಲ್ಡರಿನಲ್ಲಿಟ್ಟು, ಅದನ್ನು ಮೇಲಕ್ಕೆತ್ತುವ ಪ್ರೆಸ್ಸಿನ ಕಂಬವನ್ನು ಪೂರ್ತಿ ಮೇಲಕ್ಕೆ ತಂದರು. ಸ್ಟೆಮ್ ಅನ್ನು ಮೇಲಕ್ಕೆತ್ತಿ, ಡೈ ಮಾತ್ರ ಕೈಯಲ್ಲಿ ತಿರುಗಿಸುತ್ತಾ ಬಂದರು. ಒಳಗಿನ ಮೆಟ್ಟಿಲು ಕೇಸಿನ ಬಾಯಿಗೆ ತಾಗಿದ್ದು ಬೆರಳಿಗೆ ಗೊತ್ತಾಗುತ್ತದೆ. ಅಲ್ಲಿಂದ ಒಂದು ಸುತ್ತು ಹಿಂದಕ್ಕೆ. ಈ ಡೈಗಳ ಥ್ರೆಡ್ ಸಾಮಾನ್ಯವಾಗಿ ಇಂಚಿನ ಎಂಟರಲ್ಲಿ ಏಳು ಭಾಗ ದಪ್ಪ, ಇಂಚಿಗೆ 14 ಎಳೆ. ಹಾಗಾಗಿ ಒಂದು ಸುತ್ತೆಂದರೆ 1.8 ಮಿಲಿಮೀಟರ್ ಬಿಡುವು. ಆಮೇಲೆ ಡೈ ಅಲುಗದಂತೆ ಲಾಕ್ ರಿಂಗ್ ಬಿಗಿ ಮಾಡಿ, ಗುಂಡಿನ ಆಳವನ್ನು ಸ್ಟೆಮ್‌ನಿಂದ ಮಾತ್ರ ಹೊಂದಿಸಿದರು. ಎಲ್ಲ ಕೇಸುಗಳ ಬಾಯಿ ಕತ್ತರಿಸಿ ಒಂದೇ ಉದ್ದಕ್ಕೆ ತಂದರು. ಅಲ್ಲಿಗೆ ಉಬ್ಬುವುದು ನಿಂತಿತು. ಅವರ ಬೋಲ್ಟ್ ರೈಫಲಿಗೆ ಕ್ರಿಂಪ್ ಬೇಕಾಗಿಯೇ ಇರಲಿಲ್ಲ. ಕ್ರಿಂಪ್ ಬೇಕೇ ಬೇಕು ಅನ್ನುವವರು ಮೊದಲು ಗುಂಡು ಕೂರಿಸಿ, ಆಮೇಲೆ ಬೇರೆ ಹಂತದಲ್ಲಿ ಕ್ರಿಂಪ್ ಮಾಡುವುದು ಒಳ್ಳೆಯದು. ಗುಂಡಿನ ಸುತ್ತ ಗೀರು ಗೀರಾದ ಒಂದು ಪಟ್ಟಿ ಇದ್ದರೆ, ಬಾಯಿ ಅದರ ನಡುವೆ ಬರುವಂತೆ ನೋಡಿಕೊಳ್ಳಬೇಕು. ನುಣುಪಾದ ಗುಂಡಿಗೆ ಬಿಗಿಯಾಗಿ ಕಚ್ಚಿಸಿದರೆ ಅದೇ ಗಾಯವಾಗುತ್ತದೆ.

ಇನ್ನು ಗುಂಡಿನ ಮೇಲೆ ಉಂಗುರದಂತೆ ಗುರುತು ಬೀಳುವ ತೊಂದರೆ. ಲೇಖನದಲ್ಲಿದ್ದ ಫೋಟೋದಲ್ಲೇ ಅಂಥ ಗುಂಡು ಇತ್ತು, ನೀವೂ ಗಮನಿಸಿರಬಹುದು. ಸ್ಟೆಮ್‌ನ ತುದಿಯಲ್ಲಿ ಒಂದು ಬಟ್ಟಲಿನಂಥ ಗುಳಿ ಇರುತ್ತದೆ. ಆ ಗುಳಿಯ ಆಕಾರ ಗುಂಡಿನ ಮೂತಿಯ ಬಾಗಿಗೆ ಹೊಂದಬೇಕು. ಉದ್ದ ಮೂತಿಯ ಹೊಸ ಗುಂಡುಗಳಿಗೆ ಹಳೆಯ ಸ್ಟೆಮ್ ಹಾಕಿದರೆ ಅಂಚು ಮಾತ್ರ ತಾಗಿ, ತಾಮ್ರದ ಹೊದಿಕೆ ಮೇಲೆ ಗೆರೆ ಬೀಳುತ್ತದೆ. ಗುಂಡಿನ ಮೂತಿಗೆ ಮಾರ್ಕರಿನಿಂದ ಕಪ್ಪು ಬಳಿದು ಕೂರಿಸಿ ನೋಡಿದರೆ, ಬಣ್ಣ ಎಲ್ಲಿ ಉಜ್ಜಿ ಹೋಗಿದೆಯೋ ಅಲ್ಲಿ ತಾಗುತ್ತಿದೆ ಎಂದರ್ಥ. ನಾವು ಬೇರಿಂಗ್ ಸ್ಕ್ರೇಪ್ ಮಾಡುವಾಗ ಪ್ರಷ್ಯನ್ ಬ್ಲೂ ಹಚ್ಚುತ್ತಿದ್ದೆವಲ್ಲ, ಅದೇ ಉಪಾಯ. ಮೂತಿಯ ತುತ್ತತುದಿ ಗುಳಿಯ ತಳಕ್ಕೆ ತಾಗುತ್ತಿದ್ದರೆ ಅದೂ ತಪ್ಪು, ಆಗ ತುದಿಯೇ ಚಪ್ಪಟೆಯಾಗುತ್ತದೆ. ಗುಂಡಿಗೆ ಹೊಂದುವ ಸ್ಟೆಮ್‌ಗಳನ್ನು ಡೈ ಮಾಡುವವರೇ ಬೇರೆಯಾಗಿ ಮಾರುತ್ತಾರೆ. ಅಂಚು ಚೂಪಾಗಿದ್ದರೆ ಲೇತಿನಲ್ಲಿ ಹಿಡಿದು ನಯವಾದ ಎಮರಿಯಿಂದ ಉಜ್ಜಬಹುದು, ಅಜ್ಜನ ಒಂದು ಸ್ಟೆಮ್‌ಗೆ ನಾನೇ ಮಾಡಿಕೊಟ್ಟೆ.

ಆದರೆ ಸ್ಟೆಮ್ ಸರಿಯಿದ್ದೂ ಉಂಗುರ ಬೀಳುತ್ತಿದ್ದರೆ ಒತ್ತಡವೇ ಜಾಸ್ತಿ ಆಗಿದೆ. ಯಾಕೆ ಜಾಸ್ತಿ ಆಯಿತು ಎಂದು ಕೇಳಬೇಕು. ಕುತ್ತಿಗೆ ಬಿಗಿ ಜಾಸ್ತಿ ಇರಬಹುದು. ಮದ್ದು ಕುತ್ತಿಗೆಯವರೆಗೆ ತುಂಬಿ ಗುಂಡಿನ ತಳ ಅದನ್ನು ಅದುಮುತ್ತಿರಬಹುದು, ಆಗ ಲಿವರ್ ಇಳಿಸುವಾಗ ಕರಕರ ಸದ್ದೂ ಬರುತ್ತದೆ. ಅಥವಾ ಕೇಸನ್ನು ಜಾಸ್ತಿಯೇ ತೊಳೆದಿರಬಹುದು. ಇದು ನನಗೆ ಹೊಸ ವಿಷಯ. ಈಗ ಅಲ್ಲಿ ಸಣ್ಣ ಸ್ಟೀಲ್ ಪಿನ್ನುಗಳ ಜೊತೆ ನೀರಿನಲ್ಲಿ ಉರುಳಿಸಿ ಕೇಸು ತೊಳೆಯುತ್ತಾರೆ. ಹೊಳೆಯುತ್ತದೆ ನಿಜ. ಆದರೆ ಕುತ್ತಿಗೆಯ ಒಳಗಿನ ಮಸಿಯೂ ಹೋಗಿಬಿಡುತ್ತದೆ. ಆ ಮಸಿ ಗ್ರೀಸಿನ ಕೆಲಸ ಮಾಡುತ್ತಿತ್ತು. ಅದಿಲ್ಲದೆ ಹಿತ್ತಾಳೆಗೆ ತಾಮ್ರ ಉಜ್ಜಿಕೊಂಡು ಗುಂಡು ತಡೆತಡೆದು ಇಳಿಯುತ್ತದೆ. ಕುತ್ತಿಗೆಯ ಒಳಗೆ ಒಣ ಗ್ರಾಫೈಟ್ ಪುಡಿ ಸವರಿದರೆ ಸರಿಹೋಗುತ್ತದೆ. ಎಣ್ಣೆ ಮಾತ್ರ ಬೇಡ, ಅದು ಮದ್ದಿಗೂ ಪ್ರೈಮರಿಗೂ ಶತ್ರು.

ಗುಂಡಿನ ಪಕ್ಕದಲ್ಲಿ ತಾಮ್ರದ ಸಿಪ್ಪೆ ಏಳುವುದಕ್ಕೆ ಹೆಚ್ಚು ಹೇಳಬೇಕಾಗಿಲ್ಲ. ಬಾಯಿ ಕತ್ತರಿಸಿದ ಮೇಲೆ ಅಂಚಿನಲ್ಲಿ ಬರ್ ಉಳಿಯುತ್ತದೆ. ಒಳಗೂ ಹೊರಗೂ ಸಣ್ಣ ಚಾಂಫರ್ ಹೊಡೆಯದೆ ಗುಂಡು ಇಳಿಸಿದರೆ ಆ ಅಂಚು ಬಡಗಿಯ ಉಜ್ಜುಗೊರಡಿನಂತೆ ಕೆಲಸ ಮಾಡುತ್ತದೆ. ಗುಂಡಿನ ತಳ ದೋಣಿಯ ಹಿಂಭಾಗದ ಹಾಗೆ ಸಪೂರ ಇದ್ದರೆ ತಾನೇ ಜಾಗಕ್ಕೆ ಬಂದು ನಿಲ್ಲುತ್ತದೆ. ಚಪ್ಪಟೆ ತಳದ ಗುಂಡಿಗೆ ಚಾಂಫರ್ ಇಲ್ಲದೆ ನಡೆಯುವುದಿಲ್ಲ.

ಉದ್ದದ ವ್ಯತ್ಯಾಸದ ಬಗ್ಗೆ ಮಾತ್ರ ಸ್ವಲ್ಪ ನಿಧಾನವಾಗಿ ಹೇಳಬೇಕು. ಇದರಲ್ಲಿ ತಲೆ ಕೆಡಿಸಿಕೊಳ್ಳುವವರು ಜಾಸ್ತಿ. .308ರ ಪೂರ್ತಿ ಕಾಡತೂಸಿನ ಉದ್ದಕ್ಕೆ ಅಮೆರಿಕದ ತಯಾರಕರ ಸಂಸ್ಥೆ ಸಾಮಿ ಹಾಕಿರುವ ಮಿತಿ 2.810 ಇಂಚು, ಸುಮಾರು 71.4 ಮಿಲಿಮೀಟರ್. ಅಜ್ಜ ಸ್ಟೆಮ್ ಮುಟ್ಟದೆಯೇ ಸಾಲಾಗಿ ಕೂರಿಸಿದ ಕಾಡತೂಸುಗಳನ್ನು ತಳದಿಂದ ತುದಿಯವರೆಗೆ ಅಳೆದರೆ ಒಂದೊಂದೂ ಒಂದೊಂದು ಉದ್ದ. ಹತ್ತು ಥೌ ತನಕ ಆಚೆ ಈಚೆ. ಡೈ ಅಲುಗುತ್ತಿದೆ ಎಂದು ಅವರಿಗೆ ಅನುಮಾನ. ಆದರೆ ಡೈ ಅಲ್ಲ, ಅಳೆಯುವ ಜಾಗವೇ ತಪ್ಪು. ಮೆದು ತುದಿಯ ಗುಂಡುಗಳ ತುದಿ ಡಬ್ಬಿಯಲ್ಲಿ ಒಂದಕ್ಕೊಂದು ತಾಗಿಯೇ ಸವೆದಿರುತ್ತದೆ. ಸ್ಟೆಮ್ ಗುಂಡನ್ನು ತುದಿಯಲ್ಲಿ ಹಿಡಿಯುವುದೇ ಇಲ್ಲ, ಮೂತಿಯ ಬಾಗಿನಲ್ಲಿ ಹಿಡಿಯುತ್ತದೆ. ಹಾಗಾಗಿ ಬಾಗಿನಿಂದಲೇ ಅಳೆಯಬೇಕು. ಅದಕ್ಕೆ ಕ್ಯಾಲಿಪರಿಗೆ ಕಚ್ಚಿಸುವ ತೂತಿನ ತುಂಡೊಂದು ಸಿಗುತ್ತದೆ, ಕಂಪ್ಯಾರೇಟರ್ ಅನ್ನುತ್ತಾರೆ. ಅದರಿಂದ ಅಳೆದಾಗ ವ್ಯತ್ಯಾಸ ಒಂದೆರಡು ಥೌಗೆ ಇಳಿಯಿತು. ಅಳತೆಯ ಆಧಾರ ಬಿಂದು ಯಾವುದು ಎಂದು ಮೊದಲು ಕೇಳು ಅನ್ನುವುದು ಡ್ರಾಯಿಂಗ್ ಓದಲು ಕಲಿಯುವಾಗ ನಮಗೆ ಹೇಳಿಕೊಟ್ಟ ಮೊದಲ ಪಾಠ.

ಬಾಗಿನಿಂದ ಅಳೆದರೂ ವ್ಯತ್ಯಾಸ ಉಳಿದರೆ ಮಾತ್ರ ಯಂತ್ರದ ಕಡೆ ನೋಡಬೇಕು. ಸ್ಟೆಮ್‌ನ ಗುಳಿಯಲ್ಲಿ ಸೀಸದ ಪುಡಿ, ಲೂಬ್ರಿಕೆಂಟಿನ ಜಿಡ್ಡು ಕೂತಿರುತ್ತದೆ, ಒರೆಸಿ. ಲಾಕ್ ರಿಂಗ್ ಸಡಿಲ ಇರಬಹುದು. ಹೋಲ್ಡರಿನ ಕೆಳಗೆ ಮದ್ದಿನ ಕಾಳು ಸಿಕ್ಕಿರಬಹುದು. ಒಂದು ಸಲ ಲಿವರ್ ಪೂರ್ತಿ ತಳಕ್ಕೆ, ಇನ್ನೊಂದು ಸಲ ಮುಕ್ಕಾಲಿಗೆ ಎಂದು ಎಳೆಯುವವರೂ ಇದ್ದಾರೆ. ಕುತ್ತಿಗೆಯ ಬಿಗಿ ಒಂದೊಂದು ಕೇಸಿಗೆ ಒಂದೊಂದು ಥರ ಇದ್ದರೆ ಪ್ರೆಸ್ಸೂ ಅಷ್ಟಷ್ಟು ಬಾಗುತ್ತದೆ, ಆಳವೂ ಬದಲಾಗುತ್ತದೆ. ಮತ್ತೆ ಕುತ್ತಿಗೆಗೇ ಬಂದು ನಿಂತೆವು ನೋಡಿ.

ಗುಂಡು ಓರೆಯಾಗಿ ಕೂರುವುದೂ ಹಾಗೆಯೇ. ಕೇಸನ್ನು ವಿ-ಬ್ಲಾಕ್ ಮೇಲಿಟ್ಟು ಡಯಲ್ ಗೇಜ್ ಹಚ್ಚಿ ತಿರುಗಿಸಿದರೆ ಓಲಾಟ ಗೊತ್ತಾಗುತ್ತದೆ. ಮೊದಲು ಗುಂಡಿಲ್ಲದ ಖಾಲಿ ಕುತ್ತಿಗೆಯ ಮೇಲೆ ಗೇಜ್ ಹಚ್ಚಿ ನೋಡಬೇಕು. ಕುತ್ತಿಗೆಯೇ ಡೊಂಕಿದ್ದರೆ ಗುಂಡು ನೆಟ್ಟಗೆ ಕೂರುವುದು ಹೇಗೆ? ಅಳತೆಗೆ ತರುವ ಡೈನಲ್ಲಿ ಒಂದು ಉಂಡೆ ಇರುತ್ತದೆ, ಅದು ಹೊರಬರುವಾಗ ಕುತ್ತಿಗೆಯ ಒಳಗನ್ನು ಹಿಗ್ಗಿಸುತ್ತದೆ. ಕುತ್ತಿಗೆ ಒಣಗಿದ್ದರೆ ಆ ಉಂಡೆ ಎಳೆದೆಳೆದು ಕುತ್ತಿಗೆಯನ್ನು ಡೊಂಕು ಮಾಡುತ್ತದೆ. ಕುತ್ತಿಗೆ ನೆಟ್ಟಗಿದ್ದೂ ಗುಂಡು ಓಲಾಡಿದರೆ ಆಗ ಸ್ಟೆಮ್ ನೋಡಬೇಕು. ಗುಂಡನ್ನು ಅರ್ಧ ಇಳಿಸಿ, ಕೇಸನ್ನು ಅರ್ಧ ಸುತ್ತು ತಿರುಗಿಸಿ, ಉಳಿದರ್ಧ ಇಳಿಸುವ ರೂಢಿ ಕೆಲವರಿಗೆ ಇದೆ. ಅದರಿಂದ ಸ್ವಲ್ಪ ಉಪಯೋಗ ಇರಬಹುದು. ಡೊಂಕು ಕುತ್ತಿಗೆಗೆ ಅದು ಪರಿಹಾರವಲ್ಲ.

ಗುಂಡು ಕೈಬೆರಳಿಗೇ ಅಲುಗಾಡುತ್ತದೆ, ಒತ್ತಿದರೆ ಒಳಗೆ ಹೋಗುತ್ತದೆ ಅನ್ನುವುದು ಇದೆಲ್ಲಕ್ಕಿಂತ ಅಪಾಯದ್ದು. ಕೇಸಿನ ಹಿತ್ತಾಳೆಯಲ್ಲಿ 70 ಭಾಗ ತಾಮ್ರ, 30 ಭಾಗ ಸತು. ಮತ್ತೆ ಮತ್ತೆ ಹಿಗ್ಗಿ ಕುಗ್ಗಿ ಅದು ಗಡುಸಾಗುತ್ತದೆ. ಗಡುಸಾದ ಕುತ್ತಿಗೆಯನ್ನು ಡೈನಲ್ಲಿ ಎಷ್ಟು ಅದುಮಿದರೂ ಸ್ಪ್ರಿಂಗಿನ ಹಾಗೆ ವಾಪಸ್ ಬರುತ್ತದೆ. ಆಗ ಬಿಗಿ ಸಿಗುವುದಿಲ್ಲ. ಇದಕ್ಕೆ ಮೇಲೆ ಜೋರಾಗಿ ಕ್ರಿಂಪ್ ಹಾಕಿ ಸರಿಮಾಡಲು ಹೋದರೆ ಇನ್ನಷ್ಟು ಸಡಿಲವಾಗುವುದೂ ಉಂಟು. ಯಾಕೆಂದರೆ ಬಾಯಿ ಅದುಮಿದಾಗ ಗುಂಡೂ ಅದುಮಿಕೊಳ್ಳುತ್ತದೆ, ಬಿಟ್ಟ ಮೇಲೆ ಹಿತ್ತಾಳೆ ಗುಂಡಿಗಿಂತ ಜಾಸ್ತಿ ಹಿಂದಕ್ಕೆ ಬರುತ್ತದೆ. ಸರಿಯಾದ ದಾರಿ ಕುತ್ತಿಗೆಯನ್ನು ಮಾತ್ರ ಕಾಯಿಸಿ ಮೆತ್ತಗೆ ಮಾಡುವುದು. ಕೇಸಿನ ತಳಕ್ಕೆ ಕಾವು ತಾಗಲೇಬಾರದು. ತಳ ಮೆತ್ತಗಾದ ಕೇಸು ಹಾರಿಸಿದಾಗ ತಡೆಯುವುದಿಲ್ಲ. ಕುತ್ತಿಗೆ ಸೀಳಿದ್ದರೆ ಅದನ್ನು ಗುಜರಿಗೆ ಹಾಕಬೇಕು, ಅಷ್ಟೇ.

ಇಷ್ಟೆಲ್ಲ ಯಾಕೆ ಅನ್ನುವವರಿಗೆ ಒಂದು ಲೆಕ್ಕ. ಗಣಿಯಲ್ಲಿ ಜಾಕ್‌ಹ್ಯಾಮರ್ ಓಡಿಸುವ ಗಾಳಿಯ ಒತ್ತಡ ಚದರ ಇಂಚಿಗೆ ಸುಮಾರು 90 ಪೌಂಡು, ಅಂದರೆ 90 ಪಿಎಸ್‌ಐ. ಅದರ ಹೋಸ್ ಕಿತ್ತರೆ ಹತ್ತಿರ ನಿಂತವನ ಗತಿ ಏನಾಗುತ್ತದೆ ಎಂದು ಹಟ್ಟಿಯಲ್ಲಿ ಯಾರನ್ನಾದರೂ ಕೇಳಿ. .308 ಕಾಡತೂಸಿಗೆ ಸಾಮಿ ಇಟ್ಟಿರುವ ಮಿತಿ 62,000 ಪಿಎಸ್‌ಐ. ಅದು ಹುಟ್ಟುವುದು ಹಾರಿಸುವವನ ಕೆನ್ನೆಯಿಂದ ಒಂದು ಗೇಣು ದೂರದಲ್ಲಿ. ಗುಂಡು ಬೇಕಾದ್ದಕ್ಕಿಂತ ಆಳಕ್ಕೆ ಹೋದರೆ ಮದ್ದಿಗೆ ಜಾಗ ಕಡಿಮೆಯಾಗಿ ಒತ್ತಡ ಏರುತ್ತದೆ. ಹಾಗೆಂದು ತೀರಾ ಹೊರಗಿಟ್ಟು, ಗುಂಡು ನಳಿಗೆಯ ಒಳಗಿನ ಸುರುಳಿ ಏಣುಗಳಿಗೆ ತಾಗಿ ನಿಂತರೂ ಒತ್ತಡ ಏರುತ್ತದೆ. ಎರಡರ ನಡುವಿನ ಜಾಗ ಎಲ್ಲಿ ಎಂದು ಪರೀಕ್ಷೆ ಮಾಡಿ ಬರೆದ ಕೈಪಿಡಿಗಳು ಅಲ್ಲಿ ಪ್ರತಿ ಗುಂಡಿಗೂ ಸಿಗುತ್ತವೆ. ಅಜ್ಜ ಅದನ್ನು ಬೆಂಚಿನ ಮೇಲೆ ಬಿಚ್ಚಿಟ್ಟುಕೊಂಡೇ ಕೂರುತ್ತಿದ್ದರು.

ರಾಯಚೂರಿನವರಿಗೆ ಇದು ಪೂರ್ತಿ ಹೊಸ ವಿಷಯ ಅಲ್ಲ. 1520ರಲ್ಲಿ ಕೃಷ್ಣದೇವರಾಯ ರಾಯಚೂರು ಕೋಟೆಗೆ ಮುತ್ತಿಗೆ ಹಾಕಿದಾಗ ಕ್ರಿಸ್ಟೋವಾವೊ ಡಿ ಫಿಗ್ಯುರೆಡೊ ಅನ್ನುವ ಪೋರ್ಚುಗೀಸನ ಜೊತೆ ಬಂದೂಕಿನವರು ಇದ್ದರು. ಗೋಡೆಯ ಮೇಲೆ ತಲೆ ಎತ್ತಿದವರನ್ನು ಅವರು ಗುರಿಯಿಟ್ಟು ಹೊಡೆದರೆಂದು ಪೋರ್ಚುಗೀಸ್ ನೂನಿಜ್ ಬರೆದಿಟ್ಟಿದ್ದಾನೆ. ಆಗ ಕೇಸು ಇರಲಿಲ್ಲ. ನಳಿಗೆಯ ಬಾಯಿಂದ ಮದ್ದು ಹಾಕಿ, ಗುಂಡು ಹಾಕಿ, ಗಜದಿಂದ ಜಡಿಯಬೇಕಿತ್ತು. ಅದರಲ್ಲೂ ಗುಂಡು ಮದ್ದಿನ ಮೇಲೆ ಪೂರ್ತಿ ಕೂರಬೇಕು. ನಡುವೆ ಸಿಕ್ಕಿಕೊಂಡು ಜಾಗ ಉಳಿದರೆ ನಳಿಗೆಯೇ ಉಬ್ಬುತ್ತದೆ ಇಲ್ಲವೇ ಒಡೆಯುತ್ತದೆ. ಕೋಟೆ ನೋಡಲು ಹೋದಾಗ ಮಕ್ಕಳಿಗೆ ಈ ಕಥೆ ಯಾರೂ ಹೇಳುವುದಿಲ್ಲ, ಬಂಡಿಯಲ್ಲಿ ಕಲ್ಲು ಎಳೆದ ಚಿತ್ರ ತೋರಿಸಿ ಕರೆದುಕೊಂಡು ಬರುತ್ತಾರೆ.

ಕೆಟ್ಟು ಹೋದ ಕಾಡತೂಸುಗಳನ್ನು ಏನು ಮಾಡಿದಿರಿ ಎಂದು ಕೇಳಬಹುದು. ಅಜ್ಜನ ಹತ್ತಿರ ಸುತ್ತಿಗೆಯ ಆಕಾರದ ಪ್ಲಾಸ್ಟಿಕ್ ಸಾಧನ ಇತ್ತು. ಕಾಡತೂಸನ್ನು ಅದರ ಟೊಳ್ಳಿನಲ್ಲಿ ಹಿಡಿಸಿ ಗಟ್ಟಿ ಹಲಗೆಗೆ ಬಡಿದರೆ ಕೇಸು ನಿಲ್ಲುತ್ತದೆ, ಗುಂಡು ತನ್ನ ವೇಗಕ್ಕೆ ಹೊರಗೆ ಜಾರುತ್ತದೆ. ಮದ್ದೂ ಅದರೊಳಗೇ ಬೀಳುತ್ತದೆ. ಕಣ್ಣಿಗೆ ಕನ್ನಡಕ ಹಾಕಿಕೊಂಡೇ ಮಾಡುತ್ತಿದ್ದರು. ಅಂಚಿನಲ್ಲೇ ಪ್ರೈಮರ್ ಇರುವ .22 ಕಾಡತೂಸಿಗೆ ಇದನ್ನು ಬಳಸಲೇಬಾರದು, ಬಡಿದ ಪೆಟ್ಟಿಗೇ ಹಾರಬಹುದು. ಭುಜ ಉಬ್ಬಿದ ಕೇಸುಗಳನ್ನು ಮತ್ತೆ ಅಳತೆಗೆ ತರಬಹುದಿತ್ತು. ಅಜ್ಜ ತರಲಿಲ್ಲ. ಇಕ್ಕಳದಲ್ಲಿ ಬಾಯಿ ಅಪ್ಪಚ್ಚಿ ಮಾಡಿ ಗುಜರಿ ಡಬ್ಬಕ್ಕೆ ಹಾಕಿದರು. ಹಿತ್ತಾಳೆಗೆ ಅಲ್ಲೂ ತೂಕದ ಲೆಕ್ಕದಲ್ಲಿ ದುಡ್ಡು ಕೊಡುತ್ತಾರೆ, ಅಲ್ಲಿ ಕಿಲೋ ಬದಲು ಪೌಂಡು.

ಕೊನೆಯದಾಗಿ ಒಂದು ಅಂಕಿ ತಿದ್ದುಪಡಿ. ಲೇಖನದಲ್ಲಿ .308ರ ಗುಂಡಿನ ದಪ್ಪ 7.62 ಮಿಲಿಮೀಟರ್ ಎಂದಿದೆ. 7.62 ಅನ್ನುವುದು ನಳಿಗೆಯ ಒಳಗೆ ಎದುರುಬದುರಿನ ಏಣುಗಳ ನಡುವಿನ ಅಳತೆ, 0.300 ಇಂಚು. ಗುಂಡಿನ ದಪ್ಪ 0.308 ಇಂಚು, ಅಂದರೆ 7.82 ಮಿಲಿಮೀಟರ್. ವ್ಯತ್ಯಾಸ 8 ಥೌ. 3 ಥೌ ಬಿಗಿಯ ಬಗ್ಗೆ ಇಷ್ಟು ಬರೆದ ಮೇಲೆ 8 ಥೌ ಬಿಟ್ಟುಬಿಡಲು ನನ್ನಿಂದ ಆಗುವುದಿಲ್ಲ. ಮುಂದಿನ ಭಾನುವಾರ ಎರಡನ್ನೂ ಸರಿಪಡಿಸಿ ಹಾಕಿ.

ಇತಿ ನಿಮ್ಮ ಓದುಗ,
ನಿವೃತ್ತ ಟರ್ನರ್, ಹಟ್ಟಿ, ಲಿಂಗಸುಗೂರು ತಾಲ್ಲೂಕು, ರಾಯಚೂರು ಜಿಲ್ಲೆ